ಕೇಳುವವರಿಗೂ ಹೇಳಿಕೊಳ್ಳಲು ಒಂದು ಗಂಟೆ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಕಡೆ ಯಾರನ್ನಾದರೂ ‘ಹೇಗಿದ್ದೀರಿ’ ಅಂತ ಕೇಳಿದರೆ ‘ಅಡ್ಡಿಲ್ಲ’ ಅನ್ನುತ್ತಾರೆ. ಚೆನ್ನಾಗಿದ್ದರೂ ಅಡ್ಡಿಲ್ಲ, ಮೂರು ದಿನದಿಂದ ಊಟ ಸೇರದಿದ್ದರೂ ಅಡ್ಡಿಲ್ಲ. ಎದುರಿಗೆ ಕೂತಿದ್ದರೆ ಮುಖ ನೋಡಿ ಅದು ಯಾವ ಅಡ್ಡಿಲ್ಲ ಅಂತ ತಿಳಿಯುತ್ತದೆ. 2021ರ ಮೇ ತಿಂಗಳಲ್ಲಿ ನಾನು ಅದನ್ನು ಫೋನಿನಲ್ಲೇ ಗುರುತಿಸಬೇಕಿತ್ತು.

ನಾನು ಆಪ್ತ ಸಮಾಲೋಚಕಿ. ಗುತ್ತಿಗೆ ನೌಕರಿ. ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕೆಲಸ ಶಿವಮೊಗ್ಗದಲ್ಲಿ. ಕೋವಿಡ್ ಎರಡನೇ ಅಲೆಯಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿದ್ದ ಸೋಂಕಿತರಿಗೆ, ಅವರ ಮನೆಯವರಿಗೆ ಕರೆ ಮಾಡಿ ಧೈರ್ಯ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಪಟ್ಟಿ ಬರುತ್ತಿತ್ತು. ಮೂವತ್ತು ಹೆಸರು, ಕೆಲವು ದಿನ ನಲವತ್ತು. ಬಸ್ಸಿಲ್ಲದ ಕಾರಣ ಊರಿನಿಂದಲೇ ಕೆಲಸ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಹಿಂದಿನ ಬ್ಯಾಣ (ಹುಲ್ಲುಗುಡ್ಡ) ಹತ್ತಿ ಗೇರುಮರದ ಹತ್ತಿರ ನಿಂತರೆ ಎರಡು ಕಡ್ಡಿ ಬರುತ್ತದೆ. ಜೂನ್ ಮಳೆ ಹಿಡಿದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು. ಕೇಳಿದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಬಂದು ಜಗಲಿಯಲ್ಲಿ ಕೂತು ಬರೆಯುತ್ತಿದ್ದೆ.

ಒಂದು ಕರೆಯ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಎಪ್ಪತ್ತು ದಾಟಿದ ಹಿರಿಯರು. ಹೆಂಡತಿ ಆಸ್ಪತ್ರೆಯಲ್ಲಿ ತೀರಿಕೊಂಡು ಎರಡು ದಿನವಾಗಿತ್ತು. ಇವರಿಗೂ ಪಾಸಿಟಿವ್, ಹಾಗಾಗಿ ಕೊನೆಗೊಮ್ಮೆ ಮುಖ ನೋಡಲೂ ಆಗಿರಲಿಲ್ಲ. ನಾನು ಕಲಿತ ರೀತಿಯಲ್ಲೇ ಮಾತು ಶುರು ಮಾಡಿದೆ. ಅವರು ಅಳಲಿಲ್ಲ. ‘ತಂಗಿ, ಅವಳ ಕನ್ನಡಕ ಯಾರ ಹತ್ರ ಇದೆ ಅಂತ ಸ್ವಲ್ಪ ವಿಚಾರಿಸ್ತೀರಾ? ಅದಿಲ್ದೆ ಅವಳಿಗೆ ಏನೂ ಕಾಣೋದಿಲ್ಲ’ ಅಂದರು.

ನಾಲ್ಕು ಕಡೆ ಫೋನ್ ಮಾಡಿ ವಿಚಾರಿಸಿದೆ. ಸಿಗಲಿಲ್ಲ. ಮಾರನೇ ದಿನ ಅದನ್ನು ಹೇಳಿದಾಗ ‘ಅಡ್ಡಿಲ್ಲ ಬಿಡಿ’ ಅಂದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಸಮಾಲೋಚನೆ ಪೂರ್ಣ’ ಅಂತ ಬರೆದೆ. ಬೇರೇನಾದರೂ ಬರೆಯಲು ಅಲ್ಲಿ ಜಾಗವೂ ಇರಲಿಲ್ಲ. ಆಮೇಲೆ ಸುಮಾರು ದಿನ, ಅಮ್ಮ ಕನ್ನಡಕ ತೆಗೆದು ಕಿಟಕಿ ಮೇಲೆ ಇಟ್ಟರೆ ಸಾಕು, ನನಗೆ ಆ ಕೋಣೆಯಲ್ಲಿ ಇರಲು ಆಗುತ್ತಿರಲಿಲ್ಲ. ಇನ್ನೂ ಕೆಲವು ವಾರ ಕಳೆದ ಮೇಲೆ ಅದೂ ಹೋಯಿತು. ಯಾರು ಏನು ಹೇಳಿದರೂ ಒಳಗೆ ಏನೂ ಆಗುತ್ತಿರಲಿಲ್ಲ. ನನಗೆ ಜಾಸ್ತಿ ಹೆದರಿಕೆಯಾದದ್ದು ಆಗಲೇ.

ಮೊದಲ ಲಾಕ್‌ಡೌನಿನ ಕಷ್ಟ ಬೇರೆ ಥರದ್ದು. 2020ರ ಮಾರ್ಚ್ ಕೊನೆಯಲ್ಲಿ ಮುಚ್ಚಿದ ಮದ್ಯದಂಗಡಿಗಳು ಮತ್ತೆ ತೆರೆದದ್ದು ಮೇ 4ಕ್ಕೆ. ದಿನವೂ ಜಾಸ್ತಿ ಕುಡಿಯುತ್ತಿದ್ದವರಿಗೆ ಒಮ್ಮೆಲೇ ನಿಂತರೆ ಎರಡು ಮೂರು ದಿನದಲ್ಲಿ ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣುತ್ತದೆ. ಜೀವಕ್ಕೇ ಅಪಾಯ, ಆಸ್ಪತ್ರೆಗೇ ಸೇರಿಸಬೇಕು. ಕಾಡಿನ ನಡುವಿನ ಒಂಟಿ ಮನೆಯಿಂದ ಹೆಣ್ಣುಮಗಳೊಬ್ಬಳು ‘ಗೋಡೆ ತುಂಬ ಹುಳ ಅಂತಾರೆ, ಏನ್ ಮಾಡ್ಲಿ ಮೇಡಂ’ ಅಂತ ಅಳುವಾಗ, ನಾವು ಗಾಡಿ ಹುಡುಕಬೇಕು, ಪಾಸ್‌ಗೆ ಓಡಾಡಬೇಕು, ಅವಳನ್ನೂ ಮಾತಾಡಿಸುತ್ತಿರಬೇಕು.

ಮೀಟಿಂಗ್‌ಗಳಲ್ಲಿ ಕರೆ ಎಷ್ಟಾಯಿತು ಅಂತ ಕೇಳುತ್ತಿದ್ದರು. ನೀವು ಹೇಗಿದ್ದೀರಿ ಅಂತ ಕೇಳಿದ್ದರೂ ನಾನು ಅಡ್ಡಿಲ್ಲ ಅಂತಲೇ ಹೇಳುತ್ತಿದ್ದೆ. ವರ್ಷ ವರ್ಷ ಗುತ್ತಿಗೆ ನವೀಕರಣ ಆಗಬೇಕಾದವಳು ‘ನನಗೆ ನಿದ್ದೆ ಬರುತ್ತಿಲ್ಲ’ ಅಂತ ಮೇಲಿನವರ ಹತ್ತಿರ ಹೇಗೆ ಹೇಳುವುದು? ಮನಸ್ಸಿನ ಕೆಲಸ ಮಾಡುವವಳ ಮನಸ್ಸೇ ಸರಿ ಇಲ್ಲ ಅಂದುಬಿಟ್ಟರೆ?

ಓದುವಾಗ ನಮಗೆ ಸೂಪರ್‌ವಿಷನ್ ಇರುತ್ತಿತ್ತು. ಹಿರಿಯರ ಎದುರು ಕೂತು, ಬಂದವರ ಹೆಸರು ಹೇಳದೆ, ಇಲ್ಲಿ ಹೀಗೆ ಮಾಡಿದೆ, ಇಲ್ಲಿ ತಪ್ಪಿದೆ, ಇದು ನನ್ನೊಳಗೇ ಉಳಿದುಬಿಟ್ಟಿದೆ ಅಂತ ಹೇಳಿಕೊಳ್ಳುವ ಹೊತ್ತು ಅದು. ಕೆಲಸಕ್ಕೆ ಸೇರಿದ ಮೇಲೆ ನನಗೆ ಅದು ಸಿಗಲೇ ಇಲ್ಲ. ನಾನು ಕೇಳುತ್ತಿರುವುದು ಅದನ್ನೇ. ವಾರಕ್ಕೆ ಒಂದು ಗಂಟೆ, ಡ್ಯೂಟಿ ಸಮಯದಲ್ಲೇ. ಕೇಳಿಸಿಕೊಳ್ಳುವವರು ನಮ್ಮ ಗುತ್ತಿಗೆಗೆ ಸಹಿ ಹಾಕುವವರು ಆಗಿರಬಾರದು. ನಿಮ್ಹಾನ್ಸ್‌ನಂಥ ಕಡೆಯ ಹಿರಿಯರು ವಿಡಿಯೊ ಕರೆಯಲ್ಲಿ ಸಿಕ್ಕರೂ ಆದೀತು.

ಇಂಥ ಮಾತು ಬಂದಾಗಲೆಲ್ಲ ಅರ್ಧ ದಿನದ ಯೋಗ ಶಿಬಿರ ಮಾಡಿ ಕೈಬಿಡುತ್ತಾರೆ. ಯೋಗ ಒಳ್ಳೆಯದೇ. ಆದರೆ ಹೀಗೆ ಬಳಲಿ ಬರಿದಾಗುವುದು ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದದ್ದರಿಂದ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ಹಾಗಿದ್ದಾಗ ಸರಿ ಮಾಡಬೇಕಾದದ್ದೂ ಅಲ್ಲೇ, ಅಲ್ವಾ? 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಬಂತು. 14416ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ನಾವೂ ಮಾಡಬೇಕು. ಆದರೆ ಆ ಕರೆ ಎತ್ತುವವರೂ ನಮ್ಮಂಥವರೇ. ಅವರಿಗೂ ಈ ಒಂದು ಗಂಟೆ ಬೇಕು.

ಮಲೆನಾಡಿಗೆ ಸಾಂಕ್ರಾಮಿಕ ಹೊಸದಲ್ಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. 2019ರಲ್ಲಿ ಸಾಗರದ ಅರಳಗೋಡು ಪಟ್ಟ ಪಾಡು ನೋಡಿದ್ದೇವೆ. ಕಾಡಿಗೆ ಹೋಗುವವರಿಗೆ, ರೋಗ ಹರಡುವ ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಹಂಚುವ ಸಿದ್ಧತೆ ಮೊದಲೇ ನಡೆಯುತ್ತದೆ. ಆ ಸಿದ್ಧತೆಯ ಕಾಗದದಲ್ಲೇ, ಜನರ ಭಯ ಕೇಳಿಸಿಕೊಳ್ಳುವ ಸಿಬ್ಬಂದಿಗೆ ಈ ಗಂಟೆಯನ್ನೂ ಬರೆದಿಡಲಿ. ರೋಗ ಬಂದು ಕೂತ ಮೇಲೆ ಇದನ್ನು ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಆ ಕನ್ನಡಕದ ವಿಷಯ ನಾನು ಇನ್ನೊಬ್ಬರಿಗೆ ಹೇಳುತ್ತಿರುವುದು ಇದೇ ಮೊದಲು.

– ಆಪ್ತ ಸಮಾಲೋಚಕಿ, ತೀರ್ಥಹಳ್ಳಿ ತಾಲ್ಲೂಕು
(ದಯವಿಟ್ಟು ಹೆಸರು ಪ್ರಕಟಿಸಬೇಡಿ)