ಗ್ಯಾಸ್ ತಗದು ಕಟಗಿ ಒಲಿ ಹಾಕ್ತೀನಿ ಅಂದ ದೋಸ್ತಗ

ದೋಸ್ತ,

ನಿನ್ನ ಉದ್ದನ ವಾಯ್ಸ್ ಮೆಸೇಜ್ ಪೂರಾ ಕೇಳಿದೆ, ಫೋಟೋನೂ ನೋಡಿದೆ. ಅಮೆರಿಕದ ಮಿನೆಸೋಟಾದಾಗ ಮನಿ ತಗೊಂಡೀನಿ, ಹಾಲ್‌ನ್ಯಾಗಿನ ಗ್ಯಾಸ್ ಫೈರ್‌ಪ್ಲೇಸ್ ಕಿತ್ತು ಅಲ್ಲೇ ಕಟಗಿ ಒಲಿ ಕೂಡಸ್ತೀನಿ, ರಜಾದಾಗ ನಾನ ಕೈಯಾರೆ ಮಾಡ್ತೀನಿ, ನೀ ಸಕ್ಕರಿ ಫ್ಯಾಕ್ಟರಿ ಬಾಯ್ಲರ್ ಮುಂದ ವಯಸ್ಸು ಕಳದಾಂವ ಏನರೆ ಹೇಳು ಅಂದಿಯಲ್ಲ, ಅದಕ್ಕ ವಾಟ್ಸಾಪ್‌ನ್ಯಾಗ ತುಂಡು ತುಂಡು ಕುಟ್ಟೋದ್ರ ಬದ್ಲಿ ಇಲ್ಲೇ ಪತ್ರ ಬರದು ಹಾಕಾಕತ್ತೀನಿ. ಇಂಥಾ ವಿಚಾರ ಇದ್ದ ಇನ್ನೂ ನಾಕು ಮಂದಿ ಓದಿದ್ರ ಓದ್ಲಿ.

ನೀ ಕಳಿಸಿದ ಫೋಟೋ ಎಲ್ಲಾ ಮುಂದಿನ ಗಾಜಿಂದು, ಮತ್ತ ನೀ ತಗೋಬೇಕಂದಿರೋ ಹೊಸಾ ಒಲಿದು. ಹೊಗಿ ಹೋಗೋ ದಾರಿದು ಒಂದೂ ಇಲ್ಲ! ಲೇ, ಕೆಲಸ ಇರೋದು ಅಲ್ಲೇ. ಒಲಿ ಏನು, ರೊಕ್ಕ ಕೊಟ್ರ ಮನಿಗೆ ಬರತೈತಿ, ನಾಕು ಮಂದಿ ಎತ್ತಿ ಇಟ್ರ ಮುಗೀತು. ಬೆಂಕಿ ಎಲ್ಲರೂ ಹಚ್ಚತಾರ, ಆ ಬೆಂಕಿ ಹೊಗಿ ಮ್ಯಾಲ ಆಕಾಶ ಕಾಣೋ ತನಕ ಎಲ್ಲೆಲ್ಲಿ ಹಾದು ಹೋಗತೈತಿ, ಯಾವುದನ್ನ ಮುಟ್ಟಿ ಹೋಗತೈತಿ, ಎಷ್ಟು ಬಿಸಿ ಇರತೈತಿ ಅನ್ನೋದು ಗೊತ್ತಿರಬೇಕು.

ನಮ್ಮ ಮನಿದು ಸಣ್ಣ ಉದಾಹರಣೆ ಹೇಳ್ತೀನಿ. ಧಾರವಾಡದ ಬಚ್ಚಲಮನಿ ನಿನಗ ಗೊತ್ತಲ್ಲ, ಅಷ್ಟೇ ಅಷ್ಟು ಜಾಗಾ, ಶ್ರಾವಣದ ಜಿಟಿಜಿಟಿ ಮಳ್ಯಾಗ ಕಿಟಕಿ ಯಾರೂ ತಗಿಯೂದಿಲ್ಲ. ಅಂಥಾದ್ರಾಗ ಗ್ಯಾಸ್ ಗೀಸರ್ ಇತ್ತು. ಗ್ಯಾಸ್ ಸರಿಯಾಗಿ ಉರೀಲಿಕ್ಕೆ ಗಾಳಿ ಸಾಲದಿದ್ರ ಕಾರ್ಬನ್ ಮಾನಾಕ್ಸೈಡ್ ಹುಟ್ಟತೈತಿ, ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ಸ್ನಾನಕ್ಕ ಹೋದವರು ಹೊರಗ ಬರಲಿಲ್ಲ ಅಂತ ಪೇಪರ್‌ನ್ಯಾಗ ಓದೇ ಇರ್ತೀಯಲ್ಲ. ಆ ಗೀಸರ್ ತಗಸಿ, ಅವ್ವನ ಕಾಲದ ನೀರು ಕಾಸೋ ತಾಮ್ರದ ಬಂಬ ಅಟ್ಟದ ಮ್ಯಾಲಿಂದ ಇಳಿಸಿ, ಹುಣಸಿಹಣ್ಣು ಹಚ್ಚಿ ತಿಕ್ಕಿ, ಹಿತ್ತಲದಾಗ ತಗಡಿನ ಶೆಡ್ ಕೆಳಗ ಕೂಡಿಸಿದೆ. ಬಂಬದ ರಚನಾ ನೋಡು ಎಷ್ಟು ಶಾಣ್ಯಾತನದ್ದು, ನಡುವ ಕೊಳವಿ, ಸುತ್ತ ನೀರು, ಕೆಳಗ ಜಾಳಗಿಯಿಂದ ಗಾಳಿ ಬರತೈತಿ, ಬೆಂಕಿ ಕೊಳವ್ಯಾಗ ಏರತೈತಿ, ಹೋಗ್ತಾ ಹೋಗ್ತಾ ಬಿಸಿ ಎಲ್ಲಾ ನೀರಿಗೆ ಕೊಟ್ಟು ಹೋಗತೈತಿ. ನೀರು ಇಲ್ಲದ ಹೊತ್ತಿನ್ಯಾಗ ಮಾತ್ರ ಉರಿ ಹಚ್ಚಬಾರದು, ಬೆಸಗಿ ಬಿಟ್ಟು ಸೋರಾಕ ಹತ್ತತೈತಿ.

ಬಂಬ ಇಡಾಕ ಅರ್ಧಾ ತಾಸು ಬೇಕಾಗಿಲ್ಲ, ಪೈಪಿನ ಸಲುವಾಗಿ ಫ್ಯಾಬ್ರಿಕೇಶನ್ ಮಾಡೋ ಹುಡುಗನ ಜೋಡಿ ದಿನಾ ವಾದ. ಅಂವ ಗ್ವಾಡಿ ದಾಟಿಸಿ ಎರಡು ಕಡೆ ಮಣಿಸಿ ಸೈಡಿಗೆ ಬಿಡ್ತೀನಿ ಅಂದ, ನಾ ನೆಟ್ಟಗ ಮ್ಯಾಲ ಹೋಗ್ಬೇಕು, ಬಾಜೂ ಮನಿಯವರ ಮಹಡಿ ಕಿಟಕಿಗಿಂತ ಮ್ಯಾಲ ಹೋಗ್ಬೇಕು ಅಂದೆ. ಪ್ರತಿ ತಿರುವಿಗೂ ಹೊಗಿ ತಡೀತೈತಿ, ತಣ್ಣಗ ಆಗತೈತಿ, ತಣ್ಣಗಾದ ಹೊಗಿ ಮ್ಯಾಲ ಏರೂದಿಲ್ಲ. ಇನ್ನ ಜೋಡಣಿ. ಮ್ಯಾಲಿನ ಪೈಪ್ ಕೆಳಗಿನದರ ಹೊರಗ ಬರಬೇಕು, ಇಲ್ಲಂದ್ರ ಮಳಿ ನೀರು ಸಂದಿಯೊಳಗ ಹೋಗತೈತಿ ಅಂತ ಅವನ ವಾದ. ಬಯಲಾಗಿರೋ ಭಾಗಕ್ಕ ಅದು ಖರೇನ. ಆದ್ರ ನಿನ್ನ ಮನಿಯೊಳಗ ಮಳಿ ಇಲ್ಲಲ್ಲ, ಅಲ್ಲಿ ಉಲ್ಟಾ: ಮ್ಯಾಲಿನ ಪೈಪಿನ ಸಣ್ಣ ತುದಿ ಕೆಳಗಿನದರ ಒಳಗ ಕೂಡಬೇಕು, ಯಾಕಂದ್ರ ಒಳಗ ಇಳಿಯೋ ಡಾಂಬರಿನಂಥಾ ಜಿಗಟು ಮತ್ತ ಒಲಿಯೊಳಗ ಬಿದ್ದು ಉರಿಬೇಕು, ಸಂದಿಯಿಂದ ಹೊರಗ ಸೋರಿ ಗ್ವಾಡಿಗೆ ಹತ್ತಬಾರದು. ಆ ಜಿಗಟಿಗೆ ಅಲ್ಲಿಯವರು ಕ್ರಿಯೋಸೋಟ್ ಅಂತಾರ, ಮುಂದ ಅದರ ಮಾತು ಬರತೈತಿ.

ಈಗ ನಿನ್ನ ಮನಿ. ಗ್ಯಾಸ್ ಫೈರ್‌ಪ್ಲೇಸಿನ ಹಿಂದ ಮುಖ್ಯವಾಗಿ ಮೂರು ನಮೂನಿ ಇರ್ತಾವು. ಇಟ್ಟಂಗಿ ಚಿಮಣಿ ಖರೇನ ಇದ್ದು ಅದರೊಳಗ ಗ್ಯಾಸ್ ಲಾಗ್, ಅಂದ್ರ ಕಟಗಿಹಂಗ ಕಾಣೋ ಗ್ಯಾಸ್ ಬರ್ನರ್, ಇಟ್ಟಿದ್ರ ನಿನ್ನ ನಶೀಬ ಚಲೋ, ಚಿಮಣಿ ಚೆಕ್ ಮಾಡಿಸಿ ಒಳಗ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಅನ್ನೋ ಒಳಪೈಪ್ ಇಳಿಸಿ ಒಲಿ ಕೂಡಿಸಬಹುದು. ಎರಡನೇದು ಬಿ-ವೆಂಟ್, ಎರಡು ಪದರಿನ ಪೈಪ್, ಒಳಪದರ ಅಲ್ಯೂಮಿನಿಯಂ. ಮೂರನೇದು ಡೈರೆಕ್ಟ್ ವೆಂಟ್, ಒಂದರೊಳಗ ಒಂದು ಪೈಪ್, ಒಳಗಿಂದ ಹೊಗಿ ಹೊರಗ, ಸುತ್ತಲಿಂದ ಗಾಳಿ ಒಳಗ, ಭಾಳ ಸಲ ಸೀದಾ ಗ್ವಾಡಿಯಿಂದನ ಹೊರಗ ಹೋಗಿರತೈತಿ. ಈ ಎರಡೂ ಗ್ಯಾಸಿಗೆ ಮಾತ್ರ. ಪೈಪ್ ಇದ್ದೇ ಐತಲ್ಲ ಅದಕ್ಕ ಜೋಡಿಸಿಬಿಟ್ರಾತು ಅಂತ ಏನರೆ ಅನ್ಕೊಂಡಿದ್ರ ಇವತ್ತ ತಲಿಯಿಂದ ತಗದುಬಿಡು. ಕಟಗಿ ಒಲಿಗೆ ಅಲ್ಲಿ ಕ್ಲಾಸ್ ಎ ಚಿಮಣಿ ಅಂತಾರ, ನಡುವ ಇನ್ಸುಲೇಶನ್ ಇರೋ ಸ್ಟೀಲ್ ಪೈಪ್, ಸತತ 1000 ಡಿಗ್ರಿ ಫ್ಯಾರನ್‌ಹೀಟ್ ತಡಕೊಳ್ಳಾಕ ಮಾಡಿದ್ದು, ಚಿಮಣಿಯೊಳಗ ಬೆಂಕಿ ಹತ್ತಿದ್ರ ತಡೀತೈತೋ ಇಲ್ಲೋ ಅಂತ 2100 ಡಿಗ್ರಿಗೆ ಟೆಸ್ಟ್ ಮಾಡಿರ್ತಾರ. ಅಲ್ಯೂಮಿನಿಯಂ ಕರಗೋದು 1220ಕ್ಕ. ಲೆಕ್ಕಾ ನೀನ ಹಾಕು.

ಒಲಿ ಪೆಟ್ಟಿಗಿನೂ ಹಂಗ, ಗ್ಯಾಸಿಗಂತ ಮಾಡಿದ ತಗಡಿನ ಪೆಟ್ಟಿಗ್ಯಾಗ ಕಟಗಿ ಒಲಿ ತುರುಕಾಕ ಬರೂದಿಲ್ಲ, ಪೂರಾ ಕಿತ್ತು ತಗೀಬೇಕು. ಗ್ಯಾಸ್ ಲೈನ್ ಬಂದ್ ಮಾಡೋದು ಲೈಸನ್ಸ್ ಇದ್ದವನ ಕೆಲಸ, ಅಲ್ಲಿ ಕೈ ಹಾಕಬ್ಯಾಡ. ಪರ್ಮಿಟ್ ತಗೋ, ಇನ್ಶೂರೆನ್ಸಿನವರಿಗೆ ಮೊದಲ ತಿಳಸು.

ನಿಮ್ಮ ಮನಿ ಕಟಗಿ ಚೌಕಟ್ಟಿನ ಮನಿ ಅನ್ನೋದು ಮರಿಬ್ಯಾಡ. ನಮ್ಮಲ್ಲಿ ಕಲ್ಲು ಮಣ್ಣಿನ ಗ್ವಾಡಿಗೆ ಒಲಿ ಹಚ್ಚಿ ಕಟ್ಟಿದ್ರೂ ಏನೂ ಆಗೂದಿಲ್ಲ, ಬರೇ ಕರ್ರಗಾಗತೈತಿ. ಅಲ್ಲಿ ಪ್ಲಾಸ್ಟರ್ ಹಿಂದ ಒಣಾ ಕಟಗಿ ನಿಂತಿರತೈತಿ. ಟೆಸ್ಟ್ ಆಗದ ಹಳೆ ಒಲಿಗೆ ಸುತ್ತ 36 ಇಂಚು ಜಾಗಾ ಬಿಡಬೇಕು, ನಡುವ ಒಂದು ಇಂಚು ಗಾಳಿ ಆಡೋಹಂಗ ತಗಡಿನ ಅಡ್ಡಗ್ವಾಡಿ ಹಾಕಿದ್ರ ಅದನ್ನ 12ಕ್ಕ ಇಳಿಸಬಹುದು. ಹೊಸಾ ಸರ್ಟಿಫೈಡ್ ಒಲಿ ಆದ್ರ ಅದರ ಪುಸ್ತಕದಾಗ ಏನು ಬರದೈತಿ ಅದೇ ಕಾನೂನು. ಒಲಿಯಿಂದ ಚಿಮಣಿಗೆ ಹೋಗೋ ಒಂದು ಪದರಿನ ಪೈಪಿಗೆ 18 ಇಂಚು, ಕ್ಲಾಸ್ ಎ ಚಿಮಣಿಗೆ ಎರಡು ಇಂಚು. ಆ ಎರಡು ಇಂಚಿನ್ಯಾಗ ಥಂಡಿ ಬರಬಾರದು ಅಂತ ಹತ್ತಿ ಗಿತ್ತಿ ತುಂಬಬ್ಯಾಡ ಮತ್ತ, ಅದು ಖಾಲಿ ಇರಬೇಕಂತನ ಬಿಟ್ಟಿರೋದು. ಚಿಮಣಿ ಮಾಳಗಿ ದಾಟಿದ ಕಡೆಯಿಂದ ಕಮ್ಮೀತ ಕಮ್ಮಿ ಮೂರು ಫೂಟು ಎತ್ತರ, ಮತ್ತ ಹತ್ತು ಫೂಟಿನೊಳಗ ಇರೋ ಯಾವುದಕ್ಕಿಂತನೂ ಎರಡು ಫೂಟು ಮ್ಯಾಲ ಇರಬೇಕು. ಮನಿ ಹೊರಗಿನ ಗ್ವಾಡಿಗುಂಟ ಏರಿಸೋದ್ರಕಿಂತ ಮನಿಯೊಳಗಿಂದನ ನೆಟ್ಟಗ ಏರಿಸು ಅಂತೀನಿ ನಾನು, ನಿಮ್ಮ ಆ ಮೈನಸ್ ಇಪ್ಪತ್ತು ಥಂಡ್ಯಾಗ ಹೊರಗಿನ ಚಿಮಣಿ ತಣ್ಣಗಾಗಿ ಮುಂಜಾನಿ ಹಚ್ಚಿದ ಕೂಡ್ಲೆ ಹೊಗಿ ವಾಪಸ್ ಹಾಲ್‌ಗೆ ಬರತೈತಿ. ಅಡಗಿಮನ್ಯಾಗ ದೊಡ್ಡ ಎಕ್ಸಾಸ್ಟ್ ಫ್ಯಾನ್ ಹಾಕಿದ್ರೂ ಅದೇ ಕತಿ, ನಿಮ್ಮವು ಗಾಳಿ ಆಡದ ಬಿಗಿ ಮನಿಗಳು, ಫ್ಯಾನ್ ಹೊರಗ ಹಾಕಿದ ಗಾಳಿ ಎಲ್ಲಿಂದರೆ ಒಳಗ ಬರಬೇಕಲ್ಲ, ಚಿಮಣಿಯಿಂದನ ಎಳಕೋತೈತಿ. ಒಲಿಗೆ ಹೊರಗಿನ ಗಾಳಿ ಸೀದಾ ಕೊಡೋ ಪೈಪ್ ಇರೋದನ್ನ ತಗೋ. ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಪ್ರತಿ ಮಹಡಿಗೂ ಇರ್ಲಿ.

ಕಟಗಿ ಮಾತು. ನಿನಗ ನೆನಪಿರಬೇಕು, ಹಾವೇರಿ ಕಡೆ ಮಿರಗದ ಮಳಿ ಬರೋದ್ರಾಗ ಕಟಗಿ, ಕುಳ್ಳು, ಹತ್ತಿ ಕಟಗಿ, ಗೋವಿನಜೋಳದ ಬೆಂಡು ಎಲ್ಲಾ ಒಳಗ ಹಾಕಿಬಿಡ್ತಿದ್ರು. ಒಣ ಕಟಗಿ ಅನ್ನೋದು ಬರೇ ಹಚ್ಚಾಕ ಸಲೀಸು ಅಂತ ಅಲ್ಲ. ಹಸಿ ಕಟಗಿಯೊಳಗ ಅರ್ಧಾ ತೂಕ ನೀರ ಇರತೈತಿ, ಒಂದು ಲೀಟರ್ ನೀರು ಕುದಿಸಿ ಆವಿ ಮಾಡಾಕ ಸುಮಾರು 620 ಕಿಲೋಕ್ಯಾಲರಿ ಬೇಕು, ಆ ಬಿಸಿ ಎಲ್ಲಾ ಚಿಮಣಿಗುಂಟ ಹೊರಗ ಹೋಗತೈತಿ. ಅದೂ ಹೋಗ್ಲಿ ಅನ್ನು, ಬೆಂಕಿ ತಣ್ಣಗಾಗಿ ಹೊಗಿ ಪೂರಾ ಉರಿಯೂದಿಲ್ಲ, ಆ ಅರ್ಧಂಬರ್ಧ ಹೊಗಿ ಚಿಮಣಿಗೆ ಕ್ರಿಯೋಸೋಟ್ ಆಗಿ ಅಂಟತೈತಿ, ಮುಂದೊಂದಿನ ಜೋರ ಉರಿ ಹಚ್ಚಿದಾಗ ಅದಕ್ಕ ಬೆಂಕಿ ಹತ್ತತೈತಿ. ಚಿಮಣಿ ಬೆಂಕಿ ಅಂದ್ರ ಅದೇ. ನಮ್ಮ ಫ್ಯಾಕ್ಟರ್‍ಯಾಗ ಕಬ್ಬಿನ ಸಿಪ್ಪಿಯೊಳಗೂ ಅರ್ಧಾ ನೀರ ಇರ್ತಿತ್ತು, ಆದ್ರೂ ಉರೀತಿತ್ತು, ಯಾಕಂದ್ರ ಅಲ್ಲಿ ಒಲಿ ಅಂದ್ರ ಮನಿಯಷ್ಟು ದೊಡ್ಡದು, ಗಾಳಿನೂ ಕಾಸಿ ಊದ್ತಿದ್ರು. ನಿನ್ನ ಹಾಲ್‌ನ್ಯಾಗ ಅದು ನಡಿಯೂದಿಲ್ಲ.

ತೇವ 20 ಪರ್ಸೆಂಟಿಗಿಂತ ಕಡಿಮಿ ಇರಬೇಕು. ಸಣ್ಣ ಮೀಟರ್ ಸಿಗತೈತಿ, ಆದ್ರ ತುಂಡು ಆಗಿಂದಾಗ ಸೀಳಿ ಒಳಮೈಗೆ ಚುಚ್ಚು, ಹೊರಮೈ ಯಾವಾಗ್ಲೂ ಒಣಗಿರತೈತಿ. ಓಕ್ ಆದ್ರ ಸೀಳಿ ಪೇರಿಸಿ ಎರಡು ವರ್ಷ ತಡಿಬೇಕು, ಅಂದ್ರ ಒಲಿ ಬರೋಕಿಂತ ಮೊದ್ಲ ಕಟಗಿ ಬಂದಿರಬೇಕು! ಆ್ಯಶ್ ಅನ್ನೋ ಗಿಡದ ಕಟಗಿ ಜಲ್ದಿ ಒಣಗತೈತಿ. ಇಲ್ಲಿ ಅಡ್ಡೆದಾಗ ಜಾಲಿ ಕಟಗಿ ತೂಕದ ಮ್ಯಾಲ ಕೊಡ್ತಾರ, ಹಸಿ ಕೊಟ್ರ ನೀರಿಗೆ ರೊಕ್ಕ ಕೊಟ್ಟಂಗ. ನಿಮ್ಮಲ್ಲಿ ಅಳತಿ ಮ್ಯಾಲ, ಕಾರ್ಡ್ ಅಂದ್ರ ನಾಕು ಫೂಟು ಅಗಲ, ನಾಕು ಎತ್ತರ, ಎಂಟು ಉದ್ದ, 128 ಘನ ಫೂಟು, ಅಲ್ಲಿ ಮೋಸ ಮಾಡಾಂವ ಸಡಲ ಪೇರಿಸಿ ಮಾಡತಾನ. ಪೇಂಟ್ ಹಚ್ಚಿದ್ದು, ಪ್ಲೈವುಡ್ಡು, ಪ್ಲಾಸ್ಟಿಕ್ಕು ಒಲಿಗೆ ಹಾಕಬ್ಯಾಡ, ಇಲ್ಲಿ ಬಂಬಕ್ಕ ಮಂದಿ ಕ್ಯಾರಿಬ್ಯಾಗ್ ಸುಟ್ಟದ್ದು ನೋಡಿ ನೋಡಿ ತಲಿ ಕೆಟ್ಟೈತಿ. ಬೂದಿ ಮುಚ್ಚಳ ಇರೋ ತಗಡಿನ ಬಕೆಟ್‌ನ್ಯಾಗ ಹಾಕಿ ಹೊರಗ ಕಲ್ಲಿನ ಮ್ಯಾಲ ಇಡು, ಕೆಂಡ ಒಳಗ ದಿನಗಟ್ಟಲೆ ಜೀವಂತ ಇರತೈತಿ.

ಒಲಿ ತಗೊಳ್ಳೋವಾಗ 2020ರ ಮೇ ತಿಂಗಳಿಂದ ಜಾರಿಯಾದ ಅಮೆರಿಕದ ಇಪಿಎ (ಅಲ್ಲಿಯ ಪರಿಸರ ಇಲಾಖೆ) ನಿಯಮದ್ದು ತಗೋ, ತಾಸಿಗೆ ಎರಡು ಗ್ರಾಮ್‌ಗಿಂತ, ಸೀಳಿದ ಕಟಗಿಯಿಂದ ಟೆಸ್ಟ್ ಮಾಡಿದ್ದಾದ್ರ ಎರಡೂವರಿ ಗ್ರಾಮ್‌ಗಿಂತ, ಹೆಚ್ಚು ಹೊಗಿಕಣ ಬಿಡಬಾರದು ಅಂತ ಐತಿ. ಸೆಕೆಂಡ್ ಹ್ಯಾಂಡ್ ಒಲಿ ಅಗ್ಗ ಅಂತ ಆಸೆ ಬೀಳಬ್ಯಾಡ.

ಇನ್ನ ನೀ ಹೇಳಿದ ಕಾರಣ, ಹಿಮ ಬಿದ್ದು ಕರೆಂಟ್ ಹೋದ್ರ ಮನಿ ಬೆಚ್ಚಗಿರಬೇಕು ಅಂತ. ಅದೊಂದೇ ಕಾರಣ ಆಗಿದ್ರ ಮೊದಲ ನಿನ್ನ ಗ್ಯಾಸ್ ಒಲಿ ಕರೆಂಟ್ ಇಲ್ಲದ ಹಚ್ಚಿ ನೋಡು. ಪೈಲಟ್ ಅನ್ನೋ ಸಣ್ಣ ಉರಿ ಸದಾ ಇರೋ ಹಳೆ ಮಾಡೆಲ್ಲು ಭಾಳಷ್ಟು ಕರೆಂಟ್ ಇಲ್ಲದನೂ ಹತ್ತತಾವು, ಫ್ಯಾನ್ ಅಷ್ಟೇ ತಿರಗೂದಿಲ್ಲ. ಹಂಗಿದ್ರ ಇಷ್ಟೆಲ್ಲಾ ಖರ್ಚು ಯಾಕ? ಇಲ್ಲ, ನನಗ ಕಟಗಿ ಉರಿನ ಬೇಕು ಅಂದ್ರ ಅದು ಬ್ಯಾರೆ ಮಾತು, ಅದಕ್ಕ ನಾ ಅಡ್ಡ ಬರೂದಿಲ್ಲ, ನನ್ನ ಬಂಬಾನೂ ಅದೇ ಹುಚ್ಚಿನ್ಯಾಗ ಬಂದದ್ದು.

ಒಂದ ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ನಿನ್ನ ಹೇಣ್ತಿ, ನಮ್ಮ ವೈನಿಗೆ ಉಬ್ಬಸ ಐತಿ ಅಂತ ಹೋದ ಸಲ ಬಂದಾಗ ಹೇಳಿದ್ದಿ. ಎಷ್ಟ ಚಲೋ ಒಲಿ ಆದ್ರೂ ಬಾಗಲ ತಗದಾಗ ಒಂದಿಷ್ಟು ಹೊಗಿ ಹೊರಗ ಬಂದ ಬರತೈತಿ, ಕಟಗಿ ಒಳಗ ತಂದ್ರ ದೂಳು, ತೊಗಟಿ ಬರತಾವು. ಅವರನ್ನ ಕೇಳಿ ಹೊಂಟೀಯೋ, ಒಬ್ಬನ ಲೆಕ್ಕಾ ಹಾಕ್ಕೊಂಡು ಕುಂತೀಯೋ? ಮೊದಲ ಅವರನ್ನ, ಆಮ್ಯಾಲ ಅವರ ಡಾಕ್ಟರನ್ನ ಕೇಳು. ಬ್ಯಾಡ ಅಂದ್ರ ಗ್ಯಾಸ್ ಒಲಿ ಹಂಗ ಇರ್ಲಿ, ಡಿಸೆಂಬರ್‌ದಾಗ ಧಾರವಾಡಕ್ಕ ಬಾ, ಬಂಬದ ನೀರು ಕಾಸಿ ಕೊಡ್ತೀನಿ.

ನಿನ್ನ ದೋಸ್ತ