ಮಹಡಿ ಕಿಟಕಿಗೆ ನಾವೇ ಇಟ್ಟ ಏಣಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಬೀದಿಯ ಮನೆಯೊಂದರ ಎರಡನೇ ಮಹಡಿಗೆ ಕಳ್ಳ ನುಗ್ಗಿದ. ಗೇಟಿಗೆ ಬೀಗ, ಮುಂಬಾಗಿಲಿಗೆ ಎರಡೆರಡು ಚಿಲಕ, ಅದರ ಮೇಲೊಂದು ಕ್ಯಾಮೆರಾ ಎಲ್ಲವೂ ಇದ್ದವು. ಆದರೆ ಆತ ಪಕ್ಕದಲ್ಲಿ ಅರ್ಧಕ್ಕೆ ನಿಂತಿರುವ ಕಟ್ಟಡದ ಸಾರವೆ ಹತ್ತಿ, ಅಲ್ಲಿಂದ ಸಜ್ಜಾದ ಮೇಲೆ ಕಾಲಿಟ್ಟು, ಸೆಕೆಯೆಂದು ತೆರೆದಿಟ್ಟಿದ್ದ ಅಡುಗೆಮನೆಯ ಕಿಟಕಿಯ ಸೊಳ್ಳೆಜಾಲರಿ ಕೊಯ್ದು ಒಳಗೆ ಬಂದಿದ್ದ. ಮನೆಯವರು ಪಕ್ಕದ ಕೋಣೆಯಲ್ಲೇ ಮಲಗಿದ್ದರು.

ಬೆಂಗಳೂರಿನಲ್ಲಿ ನೆಲಮಹಡಿಯ ಕಿಟಕಿಗೆ ಸರಳು ಹಾಕಿಸದವರು ವಿರಳ. ಅದೇ ಮನೆಯ ಮೇಲಿನ ಅಂತಸ್ತುಗಳಲ್ಲಿ, ಅಷ್ಟು ಎತ್ತರಕ್ಕೆ ಯಾರು ಬಂದಾರು ಎಂಬ ಧೈರ್ಯದಿಂದ, ಬರೀ ಜಾರುಗಾಜು ಮತ್ತು ಜಾಲರಿ ಇರುತ್ತವೆ. 20x30, 30x40 ಅಡಿ ನಿವೇಶನಗಳಲ್ಲಿ ಸುತ್ತ ಬಿಡಬೇಕಾದ ಜಾಗವನ್ನೂ ನುಂಗಿ ಕಟ್ಟಿದ ಮನೆಗಳ ನಡುವೆ ಎರಡೂ ಗೋಡೆಗಳಿಗೆ ಕಾಲೊತ್ತಿ ಹತ್ತಬಹುದು. ಹಿಡಿದುಕೊಳ್ಳಲು ಮಳೆನೀರಿನ ಪೈಪು ಇದ್ದೇ ಇರುತ್ತದೆ. (ಈ ತಪ್ಪಿನಲ್ಲಿ ನನ್ನ ಮನೆಯೂ ಸೇರಿದೆಯೆಂದು ಒಪ್ಪಿಕೊಳ್ಳುತ್ತೇನೆ.)

ಗೋಡೆ ಹತ್ತಿ ಒಳನುಗ್ಗುವುದನ್ನು ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಂ ಮನೆಗನ್ನದ ವ್ಯಾಖ್ಯೆಯಲ್ಲೇ ಸೇರಿಸಿದೆ. ಕಳವಿನ ಉದ್ದೇಶದಿಂದ ರಾತ್ರಿ ಹೀಗೆ ನುಗ್ಗಿದವರಿಗೆ 331ನೇ ಕಲಮಿನಡಿ 14 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕಾನೂನು ಸಾಲದೆಂಬ ದೂರು ನನ್ನದಲ್ಲ. ಪೊಲೀಸರ ಎಚ್ಚರಿಕೆಯ ಮಾತುಗಳು ಹೆಚ್ಚಾಗಿ ಬೀಗ ಹಾಕಿ ಊರಿಗೆ ಹೋಗುವವರನ್ನು ಕುರಿತಿರುತ್ತವೆ. ಮನೆಯಲ್ಲೇ ಮಲಗಿರುವವರ ಮೇಲ್ಮಹಡಿಯ ಕಿಟಕಿಯ ಬಗ್ಗೆಯೂ ಅವರು ಹೇಳಬೇಕು.

ಅದಕ್ಕಿಂತ ಮುಖ್ಯವಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಬಂದಿರುವ ಐದು ನಗರ ಪಾಲಿಕೆಗಳು ನಕ್ಷೆಗೆ ಮಂಜೂರಾತಿ ಕೊಡುವಾಗಲೇ, ಸಂಜೆ ಕೆಲಸ ಮುಗಿದ ಮೇಲೆ ಸಾರವೆಯ ಕೆಳಗಿನ ಹಲಗೆಗಳನ್ನು ತೆಗೆದಿಡಬೇಕು, ಏಣಿಗೆ ಬೀಗ ಹಾಕಬೇಕು, ಅಲ್ಲೊಂದು ದೀಪ ಉರಿಸಬೇಕು ಎಂಬ ಷರತ್ತು ವಿಧಿಸಲಿ. ಕೆಲಸ ನಿಂತ ಕಟ್ಟಡದ ಸಾರವೆಯನ್ನು ಪೂರ್ತಿ ಬಿಚ್ಚಿಸಲಿ. ನಮ್ಮ ಬೀದಿಯದು ಕಳ್ಳತನದ ನಂತರವೂ ಹಾಗೆಯೇ ನಿಂತಿದೆ.

ಹೆದರಿಕೆಯಿಂದ ಎಲ್ಲ ಕಿಟಕಿಗಳಿಗೂ ಕಬ್ಬಿಣ ಬೆಸೆಸುವವರಿಗೆ ಒಂದು ಮಾತು. 2010ರಲ್ಲಿ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ ಹೊರಬರಲು ದಾರಿ ಕಾಣದೆ ಜನ ಕಿಟಕಿಗಳಿಂದ ಹಾರಿದ್ದನ್ನು ಈ ನಗರ ಕಂಡಿದೆ. ಪ್ರತಿ ಮಹಡಿಯಲ್ಲಿ ಒಂದು ಕಿಟಕಿಯ ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ, ಅದರ ಕೀಲಿ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ಗೊತ್ತಿರಲಿ.

ಇಂತಿ,
ನಿವೃತ್ತ ಶಿಕ್ಷಕ, ಶ್ರೀನಗರ, ಬೆಂಗಳೂರು