ಕಂದಾಯ ಸಚಿವರಿಗೊಂದು ಪತ್ರ: ಡ್ರೋನ್ ಘಟ್ಟದಲ್ಲೇ ಇರಲಿ

ಮಾನ್ಯ ಕಂದಾಯ ಸಚಿವರೆ,

ವಿಪತ್ತು ನಿರ್ವಹಣೆ ನಿಮ್ಮ ಇಲಾಖೆಗೆ ಸೇರಿದ್ದರಿಂದ ಇದನ್ನು ನಿಮಗೇ ಬರೆಯುತ್ತಿದ್ದೇನೆ. ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಥರ್ಮಲ್ ಕ್ಯಾಮೆರಾದ ಡ್ರೋನ್ ಮಲೆನಾಡಿನ ತಾಲ್ಲೂಕುಗಳ ಅಗ್ನಿಶಾಮಕ ಠಾಣೆಗಳಲ್ಲೇ ಇರಬೇಕು. ಬೆಂಗಳೂರಿನಿಂದ ತರಿಸುವಷ್ಟರಲ್ಲಿ ಅದರ ಹೊತ್ತು ಮೀರಿರುತ್ತದೆ.

ಆ ಕ್ಯಾಮೆರಾ ಗುರುತಿಸುವುದು ಬಿಸಿಯ ವ್ಯತ್ಯಾಸವನ್ನು. ಮಧ್ಯಾಹ್ನ ಕಾದ ಬಂಡೆಯ ಪಕ್ಕ ಬಿದ್ದ ಮನುಷ್ಯ ಅದರ ಕಣ್ಣಿಗೆ ಬಂಡೆಯೊಳಗೇ ಬೆರೆತುಹೋಗುತ್ತಾನೆ. ಬೆಳಗಿನ ಜಾವ ಕುದುರೆಮುಖದ ಹುಲ್ಲುಗಾವಲು ತಣ್ಣಗಾದಾಗ ಅದೇ ಮನುಷ್ಯ ಪರದೆಯ ಮೇಲೆ ಬೆಳ್ಳಗೆ ಎದ್ದು ಕಾಣುತ್ತಾನೆ. ಸಂಜೆ ಕಾಣೆಯಾದವರ ಪಾಲಿಗೆ ಮೊದಲ ರಾತ್ರಿಗಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದು ಕಷ್ಟ. ಮಂಜು ಕವಿದರೆ ಅದೂ ಇಲ್ಲ.

ಡ್ರೋನ್ ಎಲ್ಲದಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಯ ಪಾಲಾದಾಗ ಡ್ರೋನ್‌ಗಳೂ ಬಂದಿದ್ದವು. ಆದರೆ ನೀರಿನಡಿ ಇರುವವರ ಮೈಶಾಖ ಮೇಲಿನ ಕ್ಯಾಮೆರಾಕ್ಕೆ ದಕ್ಕದು. ಮುಳುಗಿದ್ದ ಆ ಲಾರಿ ಸಿಕ್ಕಿದ್ದು ಹೂಳೆತ್ತುವ ಡ್ರೆಜ್ಜರ್ ತಂದ ಮೇಲೆ, ಸೆಪ್ಟೆಂಬರ್ 25ಕ್ಕೆ. ದಟ್ಟ ಶೋಲಾ ಕಾಡೂ ಹೆಚ್ಚುಕಡಿಮೆ ಹಾಗೆಯೇ, ಎಲೆಗಳ ಚಾವಣಿ ಶಾಖವನ್ನು ಮರೆಮಾಡುತ್ತದೆ. ಅಲ್ಲಿ ಡ್ರೋನಿಗೆ ಧ್ವನಿವರ್ಧಕ ಕಟ್ಟಿ ಹೆಸರು ಹಿಡಿದು ಕೂಗಬೇಕು, ಬಯಲಿಗೆ ಬನ್ನಿ ಎನ್ನಬೇಕು.

ಯಂತ್ರಕ್ಕಿಂತ ನನಗೆ ಚಿಂತೆ ಅದರ ಹಿಂದೆ ಕೂರುವವರದ್ದು. ಹಾರಿಸುವವನೇ ಪರದೆಯನ್ನೂ ನೋಡುತ್ತ ಕೂತರೆ ಎರಡೂ ಕೆಡುತ್ತವೆ. ನೋಡಲು ಇನ್ನೊಬ್ಬರು ಬೇಕು, ಅವರು ಈ ಕಾಡು ಬಲ್ಲವರಾಗಿರಬೇಕು. ಪರದೆಯಲ್ಲಿ ಕಾಟಿಯೂ ಬಿಳಿ, ಕಡವೆಯೂ ಬಿಳಿ. ಯಾವುದು ಎದ್ದು ನಡೆಯುವ ರೀತಿ ಹೇಗೆ ಎಂದು ಅರಣ್ಯ ವೀಕ್ಷಕರಿಗೆ ಗೊತ್ತು. ಅವರನ್ನೇ ತರಬೇತಿಗೆ ಸೇರಿಸಿಕೊಳ್ಳಿ. ಬ್ಯಾಟರಿ ಬಾಳುವುದು ಅರ್ಧ ಗಂಟೆಯ ಆಚೀಚೆ, ಹಾಗಾಗಿ ನಾಲ್ಕೈದು ಜೊತೆ ಬ್ಯಾಟರಿಯೂ ಜೀಪಿನಲ್ಲೇ ಚಾರ್ಜ್ ಮಾಡುವ ವ್ಯವಸ್ಥೆಯೂ ಇರಲಿ. ಉದ್ಘಾಟನೆಯ ದಿನ ಮೈದಾನದಲ್ಲಿ ಹಾರಿಸಿ ಆಮೇಲೆ ಬೀರುವಿಗೆ ಸೇರುವ ಡ್ರೋನ್ ನಮಗೆ ಬೇಡ.

ಇನ್ನು ಅನುಮತಿ. ಪುಷ್ಪಗಿರಿ ವನ್ಯಧಾಮವಿರಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನವಿರಲಿ, ಜನ ಕಾಣೆಯಾದ ರಾತ್ರಿ ಕಡತ ಓಡಾಡಬಾರದು. ವಲಯ ಅರಣ್ಯಾಧಿಕಾರಿ ಫೋನಿನಲ್ಲಿ ಹೂಂ ಎಂದರೆ ಸಾಕು ಎಂಬ ಆದೇಶವನ್ನು ಅರಣ್ಯ ಸಚಿವರ ಜೊತೆ ಕೂತು ಈಗಲೇ ಹೊರಡಿಸಿ. ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮಾಡಿದವರ ಹೆಸರು, ದಾರಿಯ ವಿವರ ಡ್ರೋನ್ ಇರುವ ಅಗ್ನಿಶಾಮಕ ಠಾಣೆಗೂ ತಲುಪಲಿ.

ಮಳೆ ಬಿಟ್ಟು ಚಾರಣಿಗರು ಬರುವ ಮೊದಲು, ಮೊದಲ ಹಂತದಲ್ಲಿ ಮೂಡಿಗೆರೆ, ಕಳಸ, ಬೆಳ್ತಂಗಡಿ, ಸೋಮವಾರಪೇಟೆಗಳಲ್ಲಾದರೂ ಇದು ಶುರುವಾಗಲಿ.

ಇಂತಿ,
ಮೂಡಿಗೆರೆಯ ಒಬ್ಬ ಕಾಫಿ ಬೆಳೆಗಾರ